ಒಂದು ಅಂಬಾಸಡರ್, ಎರಡು ಕಾರ್ಬ್ಯುರೇಟರ್

ನಮ್ಮ ತಂದೆಯವರು ತೀರಿಕೊಂಡ ಮರುವರ್ಷ, ಗದಗಿನ ಮನೆಯನ್ನು ತೆರವು ಮಾಡುವಾಗ, ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ ಗ್ರೀಸು ಬಳಿದು ಹಳೆಯ ವರ್ತಮಾನಪತ್ರಿಕೆಯಲ್ಲಿ ಸುತ್ತಿಟ್ಟ ಎರಡು ಲೋಹದ ವಸ್ತುಗಳು ನಮಗೆ ದೊರೆತವು. ತಲೆಯ ಮೇಲೆ ಸಣ್ಣ ಗೋಪುರವಿದ್ದಂತೆ ಕಾಣುವ, ಒಂದನ್ನೊಂದು ಹೋಲುವ ಅವಳಿ ಕಾರ್ಬ್ಯುರೇಟರುಗಳು. ಜೊತೆಗೆ ಅವೆರಡನ್ನೂ ಹಿಡಿದು ನಿಲ್ಲಿಸುವ ಮ್ಯಾನಿಫೋಲ್ಡು, ಹಾಗೂ ತಂದೆಯವರದೇ ಅಕ್ಷರದಲ್ಲಿ ಒಂದು ಚೀಟಿ: 'ಎಂ.ಜಿ. ಮ್ಯಾಗ್ನೆಟ್ ಕಾರಿನದು. ಮುಂಬಯಿ, 1981.'

ತಂದೆಯವರು ವೈದ್ಯರು. 1965ರಲ್ಲಿ ಮೊದಲು ನೋಂದಣಿಯಾದ ಮಾರ್ಕ್ 2 ಅಂಬಾಸಡರನ್ನು 1974ರಲ್ಲಿ ಎರಡನೆಯ ಕೈಯಿಂದ ಕೊಂಡು, ಸುತ್ತಲಿನ ಹಳ್ಳಿಗಳಿಗೆಲ್ಲ ಅದರಲ್ಲೇ ತಿರುಗಿದವರು. ಆ ಕಾರು ಈಗ ಪುಣೆಯಲ್ಲಿ ನಮ್ಮ ಬಳಿ ಇದೆ. ಅಣ್ಣತಮ್ಮಂದಿರಿಬ್ಬರಿಗೂ ಚೀಟಿಯನ್ನು ಓದಿದೊಡನೆ ಅನಿಸಿದ್ದು ಒಂದೇ: ಅಪ್ಪನ ಆಸೆ ನಡೆಯದೆ ಉಳಿದಿದೆ, ಈ ಜೋಡಿಯನ್ನು ಆ ಕಾರಿಗೆ ಕೂಡಿಸಬೇಕು. ಆದರೆ ಆ ಕೆಲಸಕ್ಕೆ ಕೈಹಾಕಿದಾಗ ಎದುರಾದದ್ದು ಕೇವಲ ಸ್ಪ್ಯಾನರಿನ ಕೆಲಸವಾಗಿರಲಿಲ್ಲ. ಯಾವುದು ಮೂಲ, ಯಾವುದು ತಿದ್ದುಪಡಿ ಎಂಬ ಹಳೆಯ ಪ್ರಶ್ನೆಯೇ ಬಾನೆಟ್ಟಿನ ಕೆಳಗೆ ಕುಳಿತಿತ್ತು. ಅದಕ್ಕೆ ಉತ್ತರ ಹುಡುಕಲು ನಾವು ಇತಿಹಾಸದ ಮೊರೆಹೊಕ್ಕೆವು.

ಒಂದು ಕಾರಿನ ಕಾರ್ಬ್ಯುರೇಟರು ಇನ್ನೊಂದಕ್ಕೆ ಹೇಗೆ ಒಗ್ಗೀತು ಎಂಬುದು ಮೊದಲ ಸಂದೇಹ. ಇಲ್ಲಿ ಅದು ಒಗ್ಗುವುದಕ್ಕೆ ಕಾರಣ ರಕ್ತಸಂಬಂಧ. ಇಂಗ್ಲೆಂಡಿನಲ್ಲಿ ಪರಸ್ಪರ ಪೈಪೋಟಿಯಲ್ಲಿದ್ದ ಆಸ್ಟಿನ್ ಮತ್ತು ಮಾರಿಸ್ ಮನೆತನಗಳು 1952ರಲ್ಲಿ ಒಂದಾಗಿ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಹುಟ್ಟಿತು. ಆಸ್ಟಿನ್ ಕಡೆಯಿಂದ ಬಂದ 'ಬಿ-ಸೀರೀಸ್' ಎಂಬ ಎಂಜಿನ್ನನ್ನು ಆ ಸಂಸ್ಥೆ ತನ್ನ ಹಲವು ಕಾರುಗಳಿಗೆ ಹಂಚಿಕೊಟ್ಟಿತು. 1489 ಸಿಸಿಯ ಆ ಎಂಜಿನ್ 1953ರಲ್ಲಿ ಎಂ.ಜಿ. ಮ್ಯಾಗ್ನೆಟ್ ಎಂಬ ಚುರುಕಾದ ಸಂಸಾರಿ ಕಾರಿನಲ್ಲಿ ಕಾಣಿಸಿಕೊಂಡಿತು, ಮರುವರ್ಷ ಮಾರಿಸ್ ಆಕ್ಸ್‌ಫರ್ಡಿಗೆ ಬಂದಿತು, 1955ರಲ್ಲಿ ಎಂ.ಜಿ.ಎ. ಎಂಬ ತೆರೆದ ಕ್ರೀಡಾಕಾರಿನಲ್ಲೂ ಕುಳಿತಿತು. ಅದೇ ಆಕ್ಸ್‌ಫರ್ಡಿನ ಮೂರನೆಯ ಶ್ರೇಣಿಯ ಅಚ್ಚುಗಳು ಕಲ್ಕತ್ತೆಯ ಬಳಿಯ ಉತ್ತರಪಾಡಾಕ್ಕೆ ಬಂದು, ಹಿಂದುಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ ಅಂಬಾಸಡರ್ ಆಗಿ ಹೊರಬಂದವು. ಆಕ್ಸ್‌ಫರ್ಡಿನ ಎಂಜಿನ್ನಿಗೆ ಒಂದೇ ಕಾರ್ಬ್ಯುರೇಟರು, ಮ್ಯಾಗ್ನೆಟ್ಟಿಗೂ ಎಂ.ಜಿ.ಎ.ಗೂ ಎರಡೆರಡು. ಅಂದರೆ ನಮ್ಮ ಮನೆಯ ಸಾಧು ಅಂಬಾಸಡರಿಗೂ ಆ ಕ್ರೀಡಾಕಾರಿಗೂ ಎದೆಗೂಡು ಒಂದೇ. ಉಸಿರಾಟದ ಕ್ರಮ ಮಾತ್ರ ಬೇರೆ.

ಅಂಬಾಸಡರಿನ ಮೂಲರೂಪವನ್ನು ಹುಡುಕುತ್ತ ಹೋದರೆ ಸಿಗುವುದೂ ಇಂಥದೇ ಕೂಡಿಕೆ. ಅದಕ್ಕೆ ಮೊದಲಿದ್ದ ಲ್ಯಾಂಡ್‌ಮಾಸ್ಟರಿನಲ್ಲಿ ಮಾರಿಸ್ ಮನೆತನದ 1476 ಸಿಸಿಯ, ಪಕ್ಕದಲ್ಲಿ ವಾಲ್ವುಗಳಿದ್ದ ಹಳೆಯ ಎಂಜಿನ್ನಿತ್ತು. ಅಂಬಾಸಡರು ಹೊರಬಂದದ್ದೂ ಅದೇ ಎಂಜಿನ್ನಿನೊಡನೆ. 1959ರಲ್ಲಿ ಆಸ್ಟಿನ್ ಮೂಲದ 1489 ಸಿಸಿ ಎಂಜಿನ್ ಅದರೊಳಗೆ ಬಂದಿತು. ಮುಂದೆ ಅದೇ ದೇಹಕ್ಕೆ ಡೀಸೆಲ್ ಎಂಜಿನ್, 1990ರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್ ಸೇರಿದವು. 2014ರ ಮೇ ತಿಂಗಳಲ್ಲಿ ಉತ್ತರಪಾಡಾದ ಕೆಲಸ ನಿಲ್ಲುವವರೆಗೆ ಆ ಕಾರು ಹೊರಗಿನಿಂದ ಬಹುಪಾಲು ಒಂದೇ ರೂಪದಲ್ಲಿದ್ದು, ಒಳಗಿನಿಂದ ಮತ್ತೆ ಮತ್ತೆ ಬದಲಾಯಿತು. ಸರ್ಕಾರಿ ಕಚೇರಿಗಳ ಅಂಗಳದಲ್ಲಿ ಬಿಳಿಯ ಬಣ್ಣದಲ್ಲಿ ನಿಂತು ಸ್ಥಿರತೆಯ ಪ್ರತೀಕವೆನಿಸಿದ ಕಾರಿನ ಕಥೆ ಇದು.

ಇನ್ನು ಕಾರ್ಬ್ಯುರೇಟರಿನ ಕಥೆ. 'ಎಸ್.ಯು.' ಎಂಬ ಅದರ ಹೆಸರು 'ಸ್ಕಿನ್ನರ್ಸ್ ಯೂನಿಯನ್' ಎಂಬುದರ ಸಂಕ್ಷೇಪ. ಸ್ಕಿನ್ನರ್ ಸೋದರರು, ಅಂದರೆ ಜಾರ್ಜ್ ಹರ್ಬರ್ಟ್ ಮತ್ತು ಥಾಮಸ್ ಕಾರ್ಲೈಲ್, ಲಂಡನ್ನಿನ ಪ್ರಸಿದ್ಧ ಪಾದರಕ್ಷೆ ವ್ಯಾಪಾರದ ಕುಟುಂಬದವರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವರು ರೂಪಿಸಿದ ಕಾರ್ಬ್ಯುರೇಟರಿನಲ್ಲಿ ಗಾಳಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಭಾಗ ಚರ್ಮದ ತಿದಿಯಾಗಿತ್ತು. ಕಮ್ಮಾರಸಾಲೆಯ ತಿದಿಯ ಸಣ್ಣ ತಮ್ಮನೆನ್ನಬಹುದು. ಮೆಟ್ಟು ಹೊಲಿಯುವ ಮನೆಯವರಿಗೆ ಚರ್ಮವೇ ಮೊದಲು ಹೊಳೆದದ್ದು ಸಹಜವೇ. 1910ರಲ್ಲಿ ಕಂಪನಿ ಸ್ಥಾಪನೆಯಾಯಿತು. ಮುಂದೆ ಚರ್ಮದ ಜಾಗಕ್ಕೆ ಲೋಹದ ಪಿಸ್ಟನ್ ಬಂದಿತು. 1926ರಲ್ಲಿ ಕಂಪನಿ ಮಾರಿಸ್ ಕೈಸೇರಿತು.

ಅದರ ಕೆಲಸವನ್ನು ಸರಳವಾಗಿ ಹೀಗೆ ವಿವರಿಸಬಹುದು. ಸಾಮಾನ್ಯ ಕಾರ್ಬ್ಯುರೇಟರಿನಲ್ಲಿ ಗಾಳಿ ಹೋಗುವ ಕಂಠದ ಅಳತೆ ನಿಶ್ಚಿತ. ಎಂಜಿನ್ ಮೆಲ್ಲಗೆ ಓಡಲಿ, ಜೋರಾಗಿ ಓಡಲಿ, ಕಂಠ ಅಷ್ಟೇ. ಆದ್ದರಿಂದ ಬೇರೆ ಬೇರೆ ವೇಗಗಳಿಗೆ ಬೇರೆ ಬೇರೆ ಜೆಟ್ಟುಗಳು ಬೇಕಾಗುತ್ತವೆ. ಎಸ್.ಯು.ನಲ್ಲಿ ಕಂಠವೇ ಹಿಗ್ಗುತ್ತದೆ. ಎಂಜಿನ್ ಹೆಚ್ಚು ಗಾಳಿಯನ್ನು ಎಳೆದಾಗ ಗೋಪುರದೊಳಗೆ ಒತ್ತಡ ತಗ್ಗಿ ಪಿಸ್ಟನ್ ತಾನಾಗಿ ಮೇಲೇರುತ್ತದೆ. ಪಿಸ್ಟನ್ನಿನ ಬುಡಕ್ಕೆ ಕ್ರಮೇಣ ಸಪೂರವಾಗುವ ಒಂದು ಸೂಜಿಯಿದೆ. ಅದು ಪೆಟ್ರೋಲು ಬರುವ ಜೆಟ್ಟಿನೊಳಗೆ ಇಳಿದು ನಿಂತಿರುತ್ತದೆ. ಪಿಸ್ಟನ್ ಏರಿದಷ್ಟೂ ಸೂಜಿ ಏರಿ, ಜೆಟ್ಟಿನ ಬಾಯಿ ಅಷ್ಟಷ್ಟೇ ತೆರೆದು, ಗಾಳಿಗೆ ತಕ್ಕ ಪೆಟ್ರೋಲು ಹೊರಡುತ್ತದೆ. ಎಳೆತ ತಗ್ಗಿದರೆ ಎಲ್ಲವೂ ಮೊದಲಿನ ಸ್ಥಾನಕ್ಕೆ ಇಳಿಯುತ್ತವೆ. ಹೊರಗಿನಿಂದ ಯಾರೂ ಆಜ್ಞೆ ಕೊಡಬೇಕಾಗಿಲ್ಲ.

ಪುಣೆಯಲ್ಲಿರುವ ಕನ್ನಡಿಗರಿಗೆ ಈ ವರ್ಣನೆ ಇನ್ನೊಂದನ್ನು ನೆನಪಿಸದೆ ಇರದು. ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಖಡಕ್‌ವಾಸ್ಲಾ ಅಣೆಕಟ್ಟಿಗೆ 1903ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯ ಎಂಜಿನಿಯರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿದರು. ನೀರು ಗೊತ್ತಾದ ಮಟ್ಟವನ್ನು ಮುಟ್ಟಿದಾಗ ಗೇಟು ತಾನಾಗಿ ಏಳುವುದು, ಮಟ್ಟ ಇಳಿದಾಗ ತಾನಾಗಿ ಮುಚ್ಚುವುದು. ಅದಕ್ಕೆ ಅವರು ಪೇಟೆಂಟು ಪಡೆದಿದ್ದರು. ಮುಂದೆ ಗ್ವಾಲಿಯರಿನ ಬಳಿಯ ತಿಗ್ರಾದಲ್ಲಿಯೂ ನಮ್ಮ ಕೃಷ್ಣರಾಜಸಾಗರದಲ್ಲಿಯೂ ಆ ವಿಧಾನ ಬಳಕೆಗೆ ಬಂದಿತು. ಲಂಡನ್ನಿನ ಪಾದರಕ್ಷೆ ವ್ಯಾಪಾರಿಗಳ ಮನೆಯಲ್ಲಿ ಕಾರ್ಬ್ಯುರೇಟರು ರೂಪುಗೊಳ್ಳುತ್ತಿದ್ದುದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಒಬ್ಬರಿಗೆ ಇನ್ನೊಬ್ಬರಿಂದ ಪ್ರೇರಣೆಯಾಯಿತೆಂದು ನಾವು ಹೇಳುತ್ತಿಲ್ಲ. ಹರಿಯುವ ವಸ್ತು ತನ್ನ ಬಾಗಿಲನ್ನು ತಾನೇ ತೆರೆಯುವಂತೆ ಮಾಡಬಹುದೆಂಬ ಯೋಚನೆ ಎರಡು ಕಡೆ, ನೀರಿಗೂ ಗಾಳಿಗೂ, ಬೇರೆ ಬೇರೆಯಾಗಿ ಹೊಳೆಯಿತು ಎಂಬುದಷ್ಟೇ ನಮ್ಮ ಬೆರಗು.

ವಿಶ್ವೇಶ್ವರಯ್ಯನವರಿಗೂ ಮೋಟರು ಕಾರಿಗೂ ನೇರವಾದ ನಂಟೂ ಉಂಟು. 1883ರಲ್ಲಿ ಇದೇ ಪುಣೆಯ ವಿಜ್ಞಾನ ಕಾಲೇಜಿನಿಂದ ಎಂಜಿನಿಯರಿಂಗ್ ಮುಗಿಸಿದ ಅವರು ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಮೋಟರು ಕೈಗಾರಿಕೆಯನ್ನು ಕಣ್ಣಾರೆ ಕಾಣಲು ಯೂರೋಪು ಮತ್ತು ಅಮೆರಿಕಗಳನ್ನು ಸುತ್ತಿಬಂದರು. ಈ ದೇಶದಲ್ಲೇ ಕಾರು ತಯಾರಾಗಬೇಕೆಂದು ಯೋಜನೆ ಸಿದ್ಧಪಡಿಸಿದರು. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ ಹಿರಾಚಂದರು ಅದಕ್ಕೆ ಕೈಜೋಡಿಸಿದರು. ಮೈಸೂರು ಸಂಸ್ಥಾನದಲ್ಲಿ ಕಾರಿನ ಕಾರ್ಖಾನೆ ತೆರೆಯುವ ಯತ್ನ ಬ್ರಿಟಿಷ್ ಸರ್ಕಾರದ ಉತ್ತೇಜನವಿಲ್ಲದೆ ಕೈಗೂಡಲಿಲ್ಲ. 1940ರಲ್ಲಿ ಬೆಂಗಳೂರಿಗೆ ಬಂದದ್ದು ಕಾರಿನ ಬದಲು ವಿಮಾನದ ಕಾರ್ಖಾನೆ, ವಾಲಚಂದರ ಹಿಂದುಸ್ತಾನ್ ಏರ್‌ಕ್ರಾಫ್ಟ್. ಕಾರಿಗಾಗಿ ಅವರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಮುಂದೆ ಫಿಯೆಟ್ ಕಾರುಗಳು ಬಂದದ್ದು ಅಲ್ಲಿಂದ. ಅತ್ತ ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟರ್ಸ್ 1942ರಲ್ಲೇ ಹುಟ್ಟಿತ್ತು.

ಸ್ವಾತಂತ್ರ್ಯಾನಂತರ ದೇಶದಲ್ಲೇ ತಯಾರಿಸುವ ಕಾರ್ಯಕ್ರಮವುಳ್ಳವರಿಗೆ ಮಾತ್ರ ಅವಕಾಶವೆಂದು ಸರ್ಕಾರ ನಿಶ್ಚಯಿಸಿದಾಗ, ಬಿಡಿಭಾಗಗಳನ್ನು ತಂದು ಜೋಡಿಸುತ್ತಿದ್ದ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಹೊರನಡೆದವು. ಉಳಿದದ್ದು ಅಂಬಾಸಡರ್, ಫಿಯೆಟ್ ಮತ್ತು ಮದರಾಸಿನ ಸ್ಟ್ಯಾಂಡರ್ಡ್, ಮೂರೇ. ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕಾದ ಆ ಕಾಲದಲ್ಲಿ ವೇಗದ ಹಂಬಲವುಳ್ಳವರಿಗೆ ಹೊಸ ಕಾರೆಂಬುದು ಇರಲಿಲ್ಲ. ಇದ್ದ ಕಾರಿಗೇ ಬೇರೆ ಕಾರಿನ ಅಂಗವನ್ನು ಕೂಡಿಸುವುದೊಂದೇ ದಾರಿ. ಮದರಾಸಿನ ಬಳಿ ಶೋಳಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯ ಮೇಲೆ, 1950ರ ದಶಕದಿಂದ ನಡೆದ ಪಂದ್ಯಗಳು ಇಂಥ ಕೈಕೆಲಸದ ಜಾತ್ರೆಯೇ ಆಗಿದ್ದವು. ವಾರವಿಡೀ ಸಂಸಾರವನ್ನು ಹೊತ್ತ ಮಾದರಿಯ ಕಾರುಗಳೇ ಅಲ್ಲಿ ಬಂಪರು ಕಳಚಿ, ಹೊಟ್ಟೆ ಹಗುರ ಮಾಡಿಕೊಂಡು ಓಡುತ್ತಿದ್ದವು. ತಂದೆಯವರು ವಿದ್ಯಾರ್ಥಿಯಾಗಿದ್ದಾಗ ಗೆಳೆಯರೊಡನೆ ರೈಲು ಹತ್ತಿ ಹೋಗಿ ಆ ಪಂದ್ಯವನ್ನು ಒಮ್ಮೆ ನೋಡಿಬಂದಿದ್ದರು. ಅದನ್ನು ಊಟದ ಹೊತ್ತಿನಲ್ಲಿ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಟ್ರಂಕಿನ ಜೋಡಿಯ ಬೀಜ ಬಿದ್ದದ್ದು ಅಲ್ಲಿಯೇ ಇರಬೇಕು.

ಇಷ್ಟನ್ನು ತಿಳಿದು ನಾವು ಜೋಡಿಯನ್ನು ಅಳೆದೆವು. ಬಾಯಿಯ ವ್ಯಾಸ ಒಂದೂವರೆ ಅಂಗುಲ, ಸುಮಾರು 38 ಮಿಲಿಮೀಟರ್. ಮೊದಲ ಮ್ಯಾಗ್ನೆಟ್ಟಿನದು ಒಂದೂಕಾಲು ಅಂಗುಲ. 1956ರ ಅನಂತರದ ಎರಡನೆಯ ಮ್ಯಾಗ್ನೆಟ್ಟಿನದು ಒಂದೂವರೆ. ಹಾಗಾದರೆ ಇದು ಎರಡನೆಯದರ ಜೋಡಿ. ಆ ಕಾರಿಗೆ 68 ಅಶ್ವಶಕ್ತಿ. ನಮ್ಮ ಅಂಬಾಸಡರಿಗೆ ಸುಮಾರು 50. ಈ ಅಂತರವೆಲ್ಲ ಕಾರ್ಬ್ಯುರೇಟರಿನ ಕೊಡುಗೆಯೆಂದು ಭಾವಿಸುವುದು ತಪ್ಪು. ಮ್ಯಾಗ್ನೆಟ್ಟಿನ ಎಂಜಿನ್ ಮಿಶ್ರಣವನ್ನು ಹೆಚ್ಚು ಬಿಗಿಯಾಗಿ ಅದುಮುತ್ತಿತ್ತು. ನಮ್ಮದು ಇಲ್ಲಿನ ಅಂದಿನ ಪೆಟ್ರೋಲಿನ ಗುಣಕ್ಕೆ ತಕ್ಕಂತೆ ಸಡಿಲವಾಗಿ ಅದುಮುತ್ತದೆ. ಉಸಿರನ್ನು ಹೆಚ್ಚಿಸಿದ ಮಾತ್ರಕ್ಕೆ ತೋಳಿನ ಬಲ ಅದೇ ಪ್ರಮಾಣದಲ್ಲಿ ಹೆಚ್ಚದು.

ಈ ಎಂಜಿನ್ನಿನ ಉಸಿರಾಟಕ್ಕೂ ಒಂದು ವಿಚಿತ್ರವಿದೆ. ನಾಲ್ಕು ಸಿಲಿಂಡರುಗಳಿಗೆ ಗಾಳಿ ಒಳಹೋಗುವ ದಾರಿಗಳು ಎರಡೇ: ಒಂದು ಮತ್ತು ಎರಡನೆಯದಕ್ಕೆ ಒಂದು, ಮೂರು ಮತ್ತು ನಾಲ್ಕನೆಯದಕ್ಕೆ ಇನ್ನೊಂದು. ಸಿಲಿಂಡರುಗಳು ಕೆಲಸ ಮಾಡುವ ಸರದಿ 1-3-4-2. ಆದ್ದರಿಂದ ಪ್ರತಿಯೊಂದು ದಾರಿಯೂ ಎರಡು ಸಲ ಬೆನ್ನುಬೆನ್ನಿಗೆ ಉಸಿರೆಳೆದು, ಮತ್ತೆರಡು ಸರದಿ ಸುಮ್ಮನಿರುತ್ತದೆ. ಅವಳಿ ಕಾರ್ಬ್ಯುರೇಟರುಗಳಿದ್ದರೆ ಒಂದೊಂದು ದಾರಿಗೂ ಒಂದೊಂದು. ನಡುವೆ ಎರಡನ್ನೂ ಬೆಸೆಯುವ ಒಂದು ಸಣ್ಣ ಕೊಳವೆ, ಒಬ್ಬನ ಕೊರತೆಯನ್ನು ಇನ್ನೊಬ್ಬ ತುಂಬಲೆಂದು.

ನಾನಾ ಪೇಠಿನ ಬಿಡಿಭಾಗಗಳ ಸಾಲಿನಲ್ಲಿ ನಮಗೆ ಪರಿಚಯವಾದ ಹಿರಿಯ ಮೇಸ್ತ್ರಿಯೊಬ್ಬರು ಈ ಕೆಲಸವನ್ನು ಒಪ್ಪಿಕೊಂಡರು. ಜೋಡಿಯನ್ನು ಬಿಚ್ಚಿ, ಸವೆದ ಜೆಟ್ಟು ಸೂಜಿಗಳನ್ನು ಬದಲಿಸಿ, ಸಡಿಲವಾಗಿದ್ದ ಥ್ರಾಟಲ್ ದಂಡಗಳಿಗೆ ಹೊಸ ಬುಷ್ ಹಾಕಿದರು. ಎಂಜಿನ್ನಿನ ತಲೆಯನ್ನಾಗಲಿ ದೇಹವನ್ನಾಗಲಿ ಕೊರೆಯಬೇಕಾಗಲಿಲ್ಲ, ಸ್ಟಡ್ಡುಗಳು ಅವೇ. ಒಂದು ಕಡೆ ಮಾತ್ರ ತೊಡಕಾಯಿತು. ಒಳಹರಿವಿನ ಮತ್ತು ಹೊಗೆಯ ಮ್ಯಾನಿಫೋಲ್ಡುಗಳೆರಡನ್ನೂ ಒಂದೇ ವಾಷರು ಅದುಮಿ ಹಿಡಿಯಬೇಕು. ಎರಡರ ಅಂಚಿನ ದಪ್ಪ ಸಮವಿಲ್ಲದಿದ್ದರೆ ತೆಳುವಾದದ್ದು ಗಾಳಿ ಸೋರುತ್ತದೆ. ಅಂಚನ್ನು ಮಟ್ಟ ಮಾಡಿಸಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನಗಳಲ್ಲಿಯೇ ನಮ್ಮ ನಿಜವಾದ ತೊಡಕು ಮೇಲೆದ್ದದ್ದು.

ಕಡತಗಳೊಡನೆಯೇ ಬದುಕುವ ನಮಗೆ ಅಧಿಸೂಚನೆಗಳನ್ನು ಕೊನೆಯ ಸಾಲಿನವರೆಗೆ ಓದುವ ಚಾಳಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನವನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, 'ವಿ.ಎ.' ಎಂಬ ಅಕ್ಷರಗಳುಳ್ಳ ಫಲಕ. ನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ವಾಹನ ತನ್ನ ಮೂಲರೂಪದಲ್ಲಿರಬೇಕು. ಚಾಸಿಸ್, ದೇಹ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಆಗಿರಬಾರದು. ಹಳೆಯ ವಾಹನಗಳನ್ನು ಗುಜರಿಗೆ ಕಳುಹಿಸುವ ಗಾಳಿ ಬೀಸುತ್ತಿರುವ ಈ ಹೊತ್ತಿನಲ್ಲಿ ಅಪ್ಪನ ಕಾರನ್ನು ಉಳಿಸಿಕೊಳ್ಳಲು ನಮಗೆ ಕಂಡ ಭದ್ರವಾದ ಆಸರೆ ಇದೇ. ಅಪ್ಪನ ಆಸೆಯನ್ನು ನಡೆಸಿದರೆ ಅಪ್ಪನ ಕಾರನ್ನು ಕಳೆದುಕೊಳ್ಳುವ ಭಯ; ಕಾರನ್ನು ಉಳಿಸಿಕೊಂಡರೆ ಆಸೆ ಟ್ರಂಕಿಗೆ ಮರಳುವುದು.

ನಾವಿಬ್ಬರೂ ಅಂದು ರಾತ್ರಿ ವಾದಿಸಿದ್ದು ಕಡಿಮೆಯಲ್ಲ. ಆಸ್ಟಿನ್ನಿನ ಎಂಜಿನ್, ಮಾರಿಸ್ಸಿನ ದೇಹ, ಬಂಗಾಲದ ಎರಕ, ಗದಗಿನ ರಸ್ತೆ, ಇದರಲ್ಲಿ ಮೂಲವೆಂಬುದು ಯಾವುದು ಎಂದು ಒಬ್ಬರು. ಮೂಲವೆಂದರೆ ಇಂಗ್ಲೆಂಡಿನಿಂದ ಬಂದದ್ದಲ್ಲ, ಅಪ್ಪ ಓಡಿಸಿದ್ದು ಎಂದು ಇನ್ನೊಬ್ಬರು. ಒಳಗಿನ ಕೋಣೆಯಲ್ಲಿದ್ದ ನಮ್ಮ ತಾಯಿ ಎದ್ದು ಬಂದರು.

"ಅಲ್ರೋ, ಇಷ್ಟು ಜಗಳಾಡ್ತೀರಿ. ಅವರು ಅದನ್ನ ತಂದು ಇಟ್ಟು ಎಷ್ಟು ವರ್ಷ ಆತು? ಕೂಡಸಬೇಕು ಅಂತಿದ್ರ ಅವರ ಕೂಡಸ್ತಿದ್ರು. ಯಾಕ ಕೂಡಸಲಿಲ್ಲ ಅಂತ ಒಬ್ಬರರೆ ಕೇಳಿದ್ರೇನು?"

ನಾವು ಸುಮ್ಮನಾದೆವು. ಅವರೇ ಮುಂದುವರಿಸಿದರು: "ರಾತ್ರಿ ಎರಡಕ್ಕ ಹೆರಿಗಿ ಅಂತ ಬಂದು ಕದಾ ಬಡೀತಿದ್ರು. ಗಾಡಿ ಆಗ ಚಾಲೂ ಆಗಬೇಕು. ಒಂದಿದ್ರ ದಾರ್ಯಾಗ ನಾನ ಬಿಚ್ಚಿ ಊದಿ ಹಾಕ್ತೀನಿ, ಎರಡಾದ್ರ ಇವನ್ನ ಹೊಂದಸವರು ಗದಗಿನ್ಯಾಗ ಯಾರದಾರ ಅಂತಿದ್ರು. ಟ್ರಂಕ್ ತಗದು ಒರಸಿ ನೋಡಿ, ಮತ್ತ ಸುತ್ತಿ ಇಡ್ತಿದ್ರು. ಅಷ್ಟ."

ಅದು ಸತ್ಯವಾಗಿತ್ತು. ಜೋಡಿ ಕಾರ್ಬ್ಯುರೇಟರುಗಳನ್ನು ಕೂಡಿಸುವುದಕ್ಕಿಂತ ಹೊಂದಿಸುವುದೇ ಕಷ್ಟ. ಎರಡೂ ಒಂದೇ ಪ್ರಮಾಣದ ಗಾಳಿಯನ್ನು ಎಳೆಯುತ್ತಿವೆಯೇ ಎಂದು ಮೇಸ್ತ್ರಿಗಳು ರಬ್ಬರಿನ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಒಂದೊಂದರ ಬಾಯಿಗೂ ಹಿಡಿದು ಆಲಿಸುತ್ತಾರೆ. ಬುಸುಗುಟ್ಟುವ ಸದ್ದು ಎರಡರಲ್ಲೂ ಸಮನಾಗುವವರೆಗೆ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಬಳಿಕ ಪಿಸ್ಟನ್ನನ್ನು ಮಿಲಿಮೀಟರಿನಷ್ಟೂ ಇಲ್ಲದಂತೆ ಎತ್ತಿ ನೋಡುತ್ತಾರೆ: ಎಂಜಿನ್ನಿನ ವೇಗ ಏರಿಯೇ ನಿಂತರೆ ಪೆಟ್ರೋಲು ಹೆಚ್ಚಾಯಿತು, ಕುಸಿದರೆ ಕಡಿಮೆಯಾಯಿತು, ಕ್ಷಣಮಾತ್ರ ಏರಿ ಸ್ವಸ್ಥಾನಕ್ಕೆ ಬಂದರೆ ಸರಿಯಾಯಿತು. ನಮ್ಮ ಮೇಸ್ತ್ರಿಗಳು ಕಣ್ಣುಮುಚ್ಚಿ ಆ ಕೊಳವೆಯಿಂದ ಕೇಳುತ್ತಿದ್ದಾಗ, ಸ್ಟೆತೊಸ್ಕೋಪು ಹಿಡಿದು ಹೀಗೆಯೇ ಕಣ್ಣುಮುಚ್ಚುತ್ತಿದ್ದವರ ನೆನಪು ನಮ್ಮಿಬ್ಬರಿಗೂ ಬಂದಿತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ಕೊನೆಗೆ ನಾವು ತೀರ್ಮಾನಿಸಿದ್ದು ಹೀಗೆ. ಹಳೆಯ ನೋಂದಣಿಯ ಅವಧಿ ಇನ್ನೂ ಇತ್ತು. ವಿಂಟೇಜ್ ಅರ್ಜಿಯನ್ನು ಇನ್ನೂ ಸಲ್ಲಿಸಿರಲಿಲ್ಲ. ಜೋಡಿಯನ್ನು ಕೂಡಿಸಿ ಒಂದು ಭಾನುವಾರ ಬೆಳಿಗ್ಗೆ, ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಸಿಂಹಗಡ ರಸ್ತೆಯಲ್ಲಿ ಖಡಕ್‌ವಾಸ್ಲಾದವರೆಗೆ ಹೋಗಿಬಂದೆವು. ಕಾರು ಹಾರಲಿಲ್ಲ. ಆದರೆ ಮೂರನೆಯ ಗೇರಿನಲ್ಲಿ ಕಾಲು ಅದುಮಿದಾಗ ಮೊದಲಿನಂತೆ ಏದುಸಿರು ಬಿಡದೆ, ಎದೆ ತುಂಬಿ ಮುಂದೆ ಸಾಗಿತು. ಬಾನೆಟ್ಟಿನೊಳಗಿಂದ ನಾವೆಂದೂ ಕೇಳಿರದ ಒಂದು ಗಂಭೀರವಾದ ಸ್ವರ ಹೊರಟಿತು. ತಾಯಿ ಕಿಟಕಿಯಾಚೆ ನೋಡುತ್ತ, "ಇದ ಸದ್ದು ಅಂತಿದ್ರು, ಬಾಯಲೇ ಮಾಡಿ ತೋರಸ್ತಿದ್ರು" ಎಂದರು.

1961ರ ಜುಲೈ 12ರಂದು ಮೇಲಿನ ಪಾನ್‌ಶೆತ್ ಅಣೆಕಟ್ಟು ಒಡೆದು, ಆ ನೀರಿನ ಭಾರಕ್ಕೆ ಖಡಕ್‌ವಾಸ್ಲಾ ಕೂಡ ಒಡೆದು, ಪುಣೆ ಮುಳುಗಿದ ಕಥೆಯನ್ನು ಈ ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಮತ್ತೆ ಕಟ್ಟಿದ ಅಣೆಕಟ್ಟಿನ ದಂಡೆಯಲ್ಲಿ ಕಾರು ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಮತ್ತೆ ಕಟ್ಟಿದ್ದೆಂಬ ಕಾರಣಕ್ಕೆ ಅದನ್ನು ಯಾರೂ ಖಡಕ್‌ವಾಸ್ಲಾ ಅಲ್ಲವೆನ್ನುವುದಿಲ್ಲ. ಊರಿಗೆ ನೀರು ಕೊಡುವವರೆಗೆ ಅದು ಅದೇ ಅಣೆಕಟ್ಟು.

ಮರುವಾರ ಮೇಸ್ತ್ರಿಗಳು ಜೋಡಿಯನ್ನು ಇಳಿಸಿ ಹಳೆಯ ಒಂಟಿಯನ್ನೇ ಸ್ವಸ್ಥಾನದಲ್ಲಿ ಕೂರಿಸಿದರು. ಕೂಲಿಯನ್ನು ಎರಡು ಸಲ ಪಡೆಯಲು ಅವರು ಒಪ್ಪಲಿಲ್ಲ. ಅನಂತರ ನಾವು ಅರ್ಜಿ ಸಲ್ಲಿಸಿದೆವು. ಮೂಲರೂಪದಲ್ಲಿದೆ ಎಂಬ ಸಾಲಿನ ಕೆಳಗೆ ಸಹಿ ಹಾಕುವಾಗ ಕೈ ತಡವರಿಸಲಿಲ್ಲ. ಜೋಡಿ ಕಾರ್ಬ್ಯುರೇಟರುಗಳು ಈಗ ಟ್ರಂಕಿನಲ್ಲಿಲ್ಲ; ನಮ್ಮ ಪುಸ್ತಕದ ಕಪಾಟಿನಲ್ಲಿ ಅಪ್ಪನ ಸ್ಟೆತೊಸ್ಕೋಪಿನ ಪಕ್ಕದಲ್ಲಿವೆ. ಎಣ್ಣೆ ಒಣಗದಂತೆ ತಿಂಗಳಿಗೊಮ್ಮೆ ಒರೆಸುವ ಕೆಲಸವನ್ನು ತಾಯಿ ಯಾರಿಗೂ ಬಿಟ್ಟುಕೊಟ್ಟಿಲ್ಲ.